ಠಾಣೆಯ ಪುಸ್ತಕದಾಗ ನಮ್ಮ ಹೆಸರು



ಒಂದು ಮಾತು ನೀವೇ ವಿಚಾರ ಮಾಡಿ ನೋಡ್ರಿ. ರಾತ್ರಿ ಪಾಳಿ ಮುಗಿಸಿ ಲೂಮಿನಿಂದ ಮನೆಗೆ ಬರಬೇಕಾದ ಹುಡುಗ ಬರಲಿಲ್ಲ. ಫೋನ್ ಬಂದ್. ಬೆಳಗಾದ ಮೇಲೆ ಯಾರೋ ಹೇಳತಾರ, ಪೊಲೀಸ್ ಗಾಡಿಯೊಳಗ ಕೂಡಿಸಿಕೊಂಡು ಹೋದರು ಅಂತ. ಯಾವ ಠಾಣೆ? ಯಾವ ಕೇಸು? ಅರೆಸ್ಟೋ, ಬರೇ ಚೌಕಶಿಯೋ? ಅವ್ವ-ಅಪ್ಪ ಮೊದಲು ಓಡುವುದು ಠಾಣೆಯಲ್ಲಿ ಪರಿಚಯ ಇದೆ ಅಂತ ಹೇಳಿಕೊಂಡು ತಿರುಗುವ ಒಬ್ಬ ಪುಢಾರಿಯ ಹತ್ತಿರ. ಆತ ಎರಡು ಫೋನ್ ಹಚ್ಚಿ ಸುದ್ದಿ ತಂದು ಕೊಡುತ್ತಾನೆ, ಸುದ್ದಿಗೆ ದರಾನೂ ತಗೋತಾನೆ. ಆದರೆ ಆ ಸುದ್ದಿ ಅವನ ಅಂಗಡಿಯ ಮಾಲಲ್ಲ. ಹಿಡಿದವರ ಹೆಸರು, ವಿಳಾಸ, ಯಾವ ಅಪರಾಧದ ಆರೋಪ ಅನ್ನುವುದನ್ನು ಪ್ರತಿಯೊಂದು ಠಾಣೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಕಬೇಕು ಅಂತ ಕಾಯ್ದೆ ಇದೆ.

ಆ ಕಾಯ್ದೆ ಎಲ್ಲಿಂದ ಬಂತು ಅನ್ನುವುದು ಈ ಲೇಖನದ ವಿಷಯ. ಬಿ.ಎ.ದಲ್ಲಿ ನನ್ನದು ಇತಿಹಾಸ. ಪಠ್ಯದಲ್ಲಿ ರಾಜರ ಲಢಾಯಿ, ತಹನಾಮೆ ಬಾಳ ಅದಾವ. ಠಾಣೆಯಲ್ಲಿ ಮೇಜಿನ ಮೇಲೆ ಬಿದ್ದಿರುವ ಆ ದಪ್ಪ ಪುಸ್ತಕಕ್ಕೂ ಒಂದು ಇತಿಹಾಸ ಇದೆ ಅಂತ ಯಾರೂ ಕಲಿಸುವುದಿಲ್ಲ. ಆ ಇತಿಹಾಸದ ಒಂದು ತುದಿ ನಮ್ಮ ಕೋಲ್ಹಾಪುರ ಸಂಸ್ಥಾನದಲ್ಲಿಯೇ ಇದೆ.

ಹಾಜರಿ ಅಂದರೆ ಇವತ್ತಿನ ಹುಡುಗರಿಗೆ ಕಾಲೇಜಿನ ಹಾಜರಿ. 75 ಟಕ್ಕೆ ತುಂಬದಿದ್ದರೆ ಪರೀಕ್ಷೆಗೆ ಕೂಡಿಸೋದಿಲ್ಲ ಅಂತ ಸರ್ ಹೆದರಿಸತಾರ. ನಮ್ಮ ಮುತ್ತಜ್ಜರ ಕಾಲದ ಹಜೇರಿ ಬೇರೆ. ಕೋಲ್ಹಾಪುರ ಸಂಸ್ಥಾನದಲ್ಲಿ ಮಹಾರ, ಮಾಂಗ, ರಾಮೋಶಿ, ಬೇರಡ ಈ ಜಾತಿಗಳ ಜನ ಊರ ಅಧಿಕಾರಿಯ ಮುಂದೆ ನೇಮದ ಪ್ರಕಾರ ಹೋಗಿ ನಿಂತು ಹಜೇರಿ ಕೊಡಬೇಕಾಗಿತ್ತು. (ಬೇರಡ ಅಂದರೆ ಕನ್ನಡದಾಗ ನಾವು ಬ್ಯಾಡರು ಅನ್ನುವ ಮಂದಿ. 1857ರಲ್ಲಿ ಹಲಗಲಿಯಲ್ಲಿ ಆಯುಧ ಕೊಡೋದಿಲ್ಲ ಅಂತ ಇಂಗ್ರಜರ ಎದುರು ನಿಂತವರು ಇವರೇ.) ಒಬ್ಬೊಬ್ಬ ಮನುಷ್ಯ ಏನು ಮಾಡಿದ್ದಾನೆ ಅಂತ ಯಾರೂ ನೋಡುತ್ತಿರಲಿಲ್ಲ. ಆ ಜಾತಿಯಲ್ಲಿ ಹುಟ್ಟಿದರೆ ಸಾಕು, ಅವನ ಮೇಲೆ ಸಂಶಯ.

ಇದರ ಪೆಟ್ಟು ಎಲ್ಲಿ ಬೀಳತದ ನೋಡ್ರಿ. ಹಜೇರಿಗೆ ನಿಲ್ಲಬೇಕಾದವನು ಪರವೂರಿಗೆ ಕೂಲಿಗೆ ಹೋಗುವ ಹಾಗಿಲ್ಲ. ಬೀಗರ ಮನೆಯಲ್ಲಿ ಎರಡು ದಿನ ಇರುವ ಹಾಗಿಲ್ಲ. ಊರಲ್ಲೇ ಇರಬೇಕು ಅಂದ ಮೇಲೆ ಊರವರು ಕೊಟ್ಟಷ್ಟೇ ಕೂಲಿ, ಹೇಳಿದ್ದೇ ಬಿಟ್ಟಿ. ಕಳ್ಳರನ್ನು ಹಿಡಿಯುವುದಕ್ಕಿಂತ ಆಳುಗಳನ್ನು ಕಟ್ಟಿ ಹಾಕುವುದಕ್ಕೆ ಈ ಹಜೇರಿ ಹೆಚ್ಚು ಉಪಯೋಗ ಬಿತ್ತು ಅಂತ ನನಗೆ ಅನ್ನಿಸುತ್ತದೆ.

1918ರಲ್ಲಿ ಶಾಹು ಛತ್ರಪತಿಗಳು ಈ ಹಜೇರಿಯನ್ನು ತಮ್ಮ ಸಂಸ್ಥಾನದಲ್ಲಿ ರದ್ದು ಮಾಡಿದರು. ಅದೇ ವರ್ಷ ಮಹಾರ ವತನವನ್ನೂ ತೆಗೆದರು. ಫಾಸೆಪಾರ್ಧಿ ಜನರಿಗೆ ಕೆಲಸ ಕೊಟ್ಟು ನೆಲೆ ನಿಲ್ಲಿಸಿದರು. ಮುಂದೆ ಎರಡೇ ವರ್ಷಕ್ಕೆ, 1920ರ ಮಾರ್ಚ್ 21 ಮತ್ತು 22ರಂದು, ನಮ್ಮ ಹಾತಕಣಂಗಲೆ ತಾಲೂಕಿನ ಮಾಣಗಾವದಲ್ಲಿ ಪರಿಷತ್ತು ನಡೆಯಿತು. ಅಧ್ಯಕ್ಷರು ಬಾಬಾಸಾಹೇಬ ಅಂಬೇಡಕರ. ಮಹಾರಾಜರು ತಾವೇ ಬಂದು, ಇವರೇ ನಿಮ್ಮ ಮುಂದಾಳು ಅಂತ ಜನರಿಗೆ ತೋರಿಸಿಕೊಟ್ಟರು. ಈ ಮಾಣಗಾವದ ಕಥೆ ಎಲ್ಲಾ ಭಾಷಣದಲ್ಲಿ ಬರುತ್ತದೆ. ಹಜೇರಿಯ ಕಥೆ ಯಾಕೋ ಅಷ್ಟು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದೆ.

ಸಂಸ್ಥಾನದ ಗಡಿ ದಾಟಿದರೆ ಇಂಗ್ರಜರ ಮುಲೂಕ. ಅಲ್ಲಿ 1871ರಲ್ಲಿಯೇ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿತ್ತು. 1911ರಲ್ಲಿ ಅದನ್ನು ಹೊಸದಾಗಿ ಮಾಡಿ ಮುಂಬಯಿ ಇಲಾಖೆಗೂ ತಂದರು. ಇಡೀ ಜಾತಿಯ ಹೆಸರನ್ನು ರಜಿಸ್ಟರಿನಲ್ಲಿ ಏರಿಸುವುದು, ಬೆರಳಿನ ಗುರುತು ತೆಗೆದುಕೊಳ್ಳುವುದು, ಊರು ಬಿಟ್ಟರೆ ತಿಳಿಸಬೇಕು, ಕರೆದಾಗ ಬಂದು ನಿಲ್ಲಬೇಕು. ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟ್ ಮಾಡಿ ಕುಟುಂಬಗಳನ್ನೇ ಒಳಗೆ ಇಟ್ಟರು. ಹುಬ್ಬಳ್ಳಿ ಕಡೆ ಹೋದವರಿಗೆ ಗೊತ್ತು, ಆ ಓಣಿಗೆ ಇವತ್ತೂ ಸೆಟ್ಲಮೆಂಟ್ ಅಂತನೇ ಹೆಸರು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು. ವಿಮುಕ್ತ ಜನರು ಅದನ್ನೇ ತಮ್ಮ ಬಿಡುಗಡೆಯ ದಿನ ಅಂತ ಆಚರಿಸುತ್ತಾರೆ. ಆದರೆ ಹಿಂಬಾಗಿಲಿನಿಂದ ರೂಢಿಗತ ಅಪರಾಧಿಗಳ ಕಾಯ್ದೆ ಬಂತು, ಮುಂಬಯಿ ರಾಜ್ಯದ್ದು 1959ರದು.

ಈ ಹಳೇ ಪುಸ್ತಕಗಳನ್ನು ಬರೆದವರೂ ಅವರೇ, ಓದಿದವರೂ ಅವರೇ. ಒಳಗೆ ಹೆಸರು ಇದ್ದವನಿಗೆ ಓದಲು ಬರುತ್ತಿರಲಿಲ್ಲ. ಬಂದರೂ ತೋರಿಸುವವರು ಯಾರು? ಸಂಸ್ಥಾನದ ಎಷ್ಟೋ ದಫ್ತರ ಮೋಡಿ ಲಿಪಿಯಲ್ಲಿ ಕೋಲ್ಹಾಪುರದ ಪುರಾಭಿಲೇಖಾಗಾರದಲ್ಲಿ ಇವತ್ತಿಗೂ ಕಟ್ಟಿಟ್ಟಿದೆ. ನಮ್ಮ ಸಂಘದಲ್ಲಿ ಒಬ್ಬರಾದರೂ ಮೋಡಿ ಕಲಿತರೆ ಬಾಳ ಉಪಕಾರ ಆಗತದ. ಇದು ನಡುವೆ ಬಂದ ಮಾತು, ಮುಂದೆ ಹೋಗೋಣ.

1949ರ ಮಾರ್ಚ್ 1ಕ್ಕೆ ಕೋಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ಅದೇ ವರ್ಷ ಸೆಪ್ಟೆಂಬರ್ 15ರಂದು ದಿಲ್ಲಿಯ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು 15ಎ ಅನ್ನುವ ಒಂದು ಹೊಸ ಕಲಮನ್ನು ಮಂಡಿಸಿದರು. ಜೀವ ಮತ್ತು ಸ್ವಾತಂತ್ರ್ಯದ ಮುಖ್ಯ ಕಲಮು ಅದಕ್ಕೂ ಮೊದಲೇ ಪಾಸಾಗಿತ್ತು, ಆದರೆ ಅದು ಸಡಿಲಾಗಿ ಉಳಿದಿದೆ ಅನ್ನುವ ಅಸಮಾಧಾನ ಸಭೆಯಲ್ಲಿ ಬಹಳ ಮಂದಿಗೆ ಇತ್ತು. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಿಕೊಡಲು ಈ ಕಲಮು. ಇವತ್ತು ಅದು ಸಂವಿಧಾನದ 22ನೆಯ ಕಲಮು. ಹಿಡಿದವನಿಗೆ ಯಾಕೆ ಹಿಡಿದಿರಿ ಅಂತ ಹೇಳಬೇಕು, ವಕೀಲರನ್ನು ಕೇಳಲು ಬಿಡಬೇಕು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಾರಿಯ ಪ್ರಯಾಣದ ವೇಳೆ ಮಾತ್ರ ಅದರಲ್ಲಿ ಹಿಡಿಯುವುದಿಲ್ಲ. (ಅದೇ ಕಲಮಿನ ಕೆಳಗಿನ ಅರ್ಧದಲ್ಲಿ ಮುಂಜಾಗ್ರತೆಯ ಬಂಧನಕ್ಕೂ ದಾರಿ ಬಿಟ್ಟಿದ್ದಾರೆ, ಅದನ್ನೂ ಓದಿಕೊಳ್ಳಬೇಕು.)

ಈಗ ಒಂದು ಸರಳ ಪ್ರಶ್ನೆ. 24 ತಾಸು ಅಂತಾರಲ್ಲ, ಎಲ್ಲಿಂದ ಎಣಿಸಬೇಕು? ಹಿಡಿದ ತಾಸು ಎಲ್ಲಿಯೂ ಬರೆಯದಿದ್ದರೆ 24 ಅನ್ನುವ ಅಂಕಿಗೆ ಅರ್ಥವೇ ಇಲ್ಲ. ಮಂಗಳವಾರ ರಾತ್ರಿ ಎತ್ತಿಕೊಂಡು ಹೋಗಿ ಗುರುವಾರ ಮಧ್ಯಾಹ್ನ ಅರೆಸ್ಟ್ ಅಂತ ಬರೆದರೆ ಕಾಗದದ ಮೇಲೆ ಎಲ್ಲಾ ಸರಿ ಇರತದ. ಸಂವಿಧಾನದ ಹಕ್ಕು ಠಾಣೆಯ ಪುಸ್ತಕದ ಒಂದು ಸಾಲಿನ ಮೇಲೆ ನಿಂತಿದೆ. ಆ ಸಾಲನ್ನು ಹೊರಗಿನವರು ಓದುವಂತೆ ಆಗಬೇಕು ಅಂತ ಮುಂದೆ ನಡೆದ ಹೋರಾಟವನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ.

1979ರ ಜನವರಿ. ಪೊಲೀಸ್ ಆಯೋಗದ ಸದಸ್ಯರಾಗಿದ್ದ ರುಸ್ತಮಜಿ ಅನ್ನುವ ಹಿರಿಯ ಅಧಿಕಾರಿ ಬಿಹಾರದ ಜೈಲುಗಳನ್ನು ನೋಡಿ ಬಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬರೆದರು. ವಿಚಾರಣೆಯೇ ಆಗದೆ ವರ್ಷಗಟ್ಟಲೆ ಒಳಗೆ ಬಿದ್ದವರ ಹೆಸರು, ಅವರು ಎಂದಿನಿಂದ ಒಳಗಿದ್ದಾರೆ, ಇಷ್ಟೇ ವಿವರ. ಅದನ್ನು ಓದಿದ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿಯವರು ಸುಪ್ರೀಂ ಕೋರ್ಟಿಗೆ ಹೋದರು. ಪಟ್ಟಿಯಲ್ಲಿ ಇದ್ದ ಹೆಣ್ಣುಮಗಳೊಬ್ಬಳ ಹೆಸರಿನಿಂದ ಆ ಕೇಸಿಗೆ ಹುಸೈನಾರಾ ಖಾತೂನ್ ಕೇಸ್ ಅಂತ ಹೆಸರು ಬಂತು. ಆರೋಪ ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಕೆಲವರು ಆಗಲೇ ಜೈಲಿನಲ್ಲಿ ಕಳೆದಿದ್ದರು. ಕೋರ್ಟು ಅವರನ್ನು ಬಿಡಿಸಿತು, ಬೇಗ ವಿಚಾರಣೆ ಆಗುವುದು ಕೂಡ ಹಕ್ಕು ಅಂತ ಹೇಳಿತು. ಲಕ್ಷ್ಯ ಕೊಟ್ಟು ನೋಡ್ರಿ, ಆ ಬಾಗಿಲು ತೆರೆದದ್ದು ಒಂದು ಪಟ್ಟಿ: ಹೆಸರು, ಒಳಗೆ ಬಂದ ತಾರೀಖು. ಜೈಲಿನ ಪುಸ್ತಕದಲ್ಲಿ ಅದು ಮೊದಲೂ ಇತ್ತು. ಹೊರಗಿನವರು ಓದಿರಲಿಲ್ಲ, ಅಷ್ಟೇ.

ನಮ್ಮ ಮಹಾರಾಷ್ಟ್ರದಲ್ಲಿ ಪತ್ರಕರ್ತೆ ಶೀಲಾ ಬರ್ಸೆಯವರು 1982ರಲ್ಲಿ ಮುಂಬಯಿ ಸೆಂಟ್ರಲ್ ಜೈಲಿಗೆ ಹೋಗಿ 15 ಮಂದಿ ಹೆಂಗಸರ ಜೊತೆ ಮಾತಾಡಿದರು. ಲಾಕಪ್ಪಿನಲ್ಲಿ ಹೊಡೆದರು ಅಂತ ಅವರಲ್ಲಿ ಐವರು ಹೇಳಿದರು. 1983ರಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿತು: ಹಿಡಿದ ಕೂಡಲೇ ಬಂಧಿತನು ಹೇಳಿದ ನೆಂಟರಿಗೋ ಗೆಳೆಯರಿಗೋ ತಿಳಿಸಬೇಕು, ಹತ್ತಿರದ ಕಾನೂನು ನೆರವು ಸಮಿತಿಗೂ ತಿಳಿಸಬೇಕು.

ಎಲ್ಲಕ್ಕಿಂತ ದೊಡ್ಡದು ಡಿ.ಕೆ. ಬಸು ಕೇಸು. ಪಶ್ಚಿಮ ಬಂಗಾಲದ ಕಾನೂನು ನೆರವು ಸಂಸ್ಥೆಯ ಮುಖ್ಯಸ್ಥರಾಗಿದ್ದ ಅವರು 1986ರ ಆಗಸ್ಟ್ 26ರಂದು ಲಾಕಪ್ ಸಾವುಗಳ ಪೇಪರ್ ಕಟಿಂಗ್ ಇಟ್ಟು ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಅದನ್ನೇ ಅರ್ಜಿ ಅಂತ ಹಿಡಿದು, ಹತ್ತು ವರ್ಷದ ಮೇಲೆ, 1996ರ ಡಿಸೆಂಬರ್ 18ಕ್ಕೆ ತೀರ್ಪು ಬಂತು. ಹನ್ನೊಂದು ನಿಯಮ. ಹಿಡಿಯುವ ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣಬೇಕು. ಹಿಡಿದ ಜಾಗದಲ್ಲಿಯೇ ತಾಸು, ತಾರೀಖು ಹಾಕಿ ಅರೆಸ್ಟ್ ಮೆಮೊ ಬರೆಯಬೇಕು. ಅದಕ್ಕೆ ಮನೆಯವರ ಅಥವಾ ಆ ಭಾಗದ ಒಬ್ಬ ಮರ್ಯಾದಸ್ಥರ ಸಹಿ ಬೇಕು, ಬಂಧಿತನ ಸಹಿಯೂ ಬೇಕು. ಯಾರಿಗೆ ತಿಳಿಸಿದೆವು ಅಂತ ಡೈರಿಯಲ್ಲಿ ಬರೆಯಬೇಕು. 48 ತಾಸಿಗೊಮ್ಮೆ ಡಾಕ್ಟರ್ ತಪಾಸಣೆ. ಕೊನೆಯ ನಿಯಮ ನಮ್ಮ ವಿಷಯಕ್ಕೆ ಮುಖ್ಯ: ಜಿಲ್ಲೆಯ ಕಂಟ್ರೋಲ್ ರೂಮಿಗೆ 12 ತಾಸಿನೊಳಗೆ ಸುದ್ದಿ ಮುಟ್ಟಿಸಬೇಕು, ಅಲ್ಲಿ ಎದ್ದು ಕಾಣುವ ನೋಟಿಸ್ ಬೋರ್ಡಿನ ಮೇಲೆ ಹಾಕಬೇಕು.

ಕೋರ್ಟಿನ ಮಾತು ಕಾಯ್ದೆಯ ಪುಸ್ತಕಕ್ಕೆ ಬರಲು ಮತ್ತೆ ವರ್ಷಗಳು ಹೋದವು. 2010ರ ನವೆಂಬರ್ 1ರಿಂದ ಸಿಆರ್‌ಪಿಸಿಗೆ 41ಸಿ ಅನ್ನುವ ಕಲಮು ಸೇರಿತು. ಹಳೇ ಸಿಆರ್‌ಪಿಸಿ ಈಗ ಇಲ್ಲ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 37ನೆಯ ಕಲಮಿನ ಪ್ರಕಾರ ಪ್ರತಿ ಜಿಲ್ಲೆಗೆ, ಪ್ರತಿ ಠಾಣೆಗೆ ಎಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಒಬ್ಬ ಅಧಿಕಾರಿಯನ್ನು ಇದೇ ಕೆಲಸಕ್ಕೆ ನೇಮಿಸಬೇಕು. ಬಂಧಿತರ ಹೆಸರು, ವಿಳಾಸ, ಆರೋಪ ಏನು ಅನ್ನುವುದು ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಕಾಣಬೇಕು, ಡಿಜಿಟಲ್ ಆಗಿ ತೋರಿಸಿದರೂ ನಡೆಯುತ್ತದೆ. ಲೇಖನದ ಮೊದಲಿಗೆ ನಾನು ಹೇಳಿದ್ದು ಇದೇ ಕಲಮು. ಠಾಣೆಗೆ ಹೋದಾಗ "ಸಾಹೇಬರ, ಮೂವತ್ತೇಳನೇ ಕಲಮಿನ ಬೋರ್ಡ್ ಎಲ್ಲಿ ಐತ್ರಿ?" ಅಂತ ಮರ್ಯಾದೆಯಿಂದ ಕೇಳಬಹುದು. ಕೇಳುವವನ ಮಾತಿನಲ್ಲಿ ನಂಬರ್ ಇದ್ದರೆ ಉತ್ತರದ ದನಿಯೂ ಬದಲಾಗುತ್ತದೆ.

ಇನ್ನು ಹುಡುಕುವ ಕೆಲಸಕ್ಕೆ ಬರೋಣ. ಒಬ್ಬ ಮನುಷ್ಯನ ಸುದ್ದಿ ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. ಠಾಣೆಯದು ಒಂದು, ಕೋರ್ಟಿನದು ಇನ್ನೊಂದು, ಜೈಲಿನದು ಮತ್ತೊಂದು. ಠಾಣೆಯಲ್ಲಿ ಮೊದಲು ಕೇಳಬೇಕಾದದ್ದು ಎಫ್‌ಐಆರ್ ನಂಬರ್ ಮತ್ತು ವರ್ಷ. 2016ರ ಸೆಪ್ಟೆಂಬರ್ 7ರಂದು ಯೂಥ್ ಬಾರ್ ಅಸೋಸಿಯೇಷನ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಎಫ್‌ಐಆರ್ ಆದ 24 ತಾಸಿನೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಹೇಳಿದೆ. ನೆಟ್ ತೊಂದರೆ ಇರುವ ಕಡೆ 72 ತಾಸಿನ ತನಕ ಸವಲತ್ತು. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳಿಗೆ ಮಾತ್ರ ಇದು ಇಲ್ಲ. ಮಹಾರಾಷ್ಟ್ರ ಪೊಲೀಸರ ಸಿಟಿಜನ್ ಪೋರ್ಟಲಿನಲ್ಲಿ ಜಿಲ್ಲೆ, ಠಾಣೆ, ತಾರೀಖು ಹಾಕಿ ಎಫ್‌ಐಆರ್ ನೋಡಬಹುದು, ಹಿಡಿದವರ ಪಟ್ಟಿಗೂ ಬೇರೆ ಜಾಗ ಇದೆ. ಎಲ್ಲಾ ಮರಾಠಿಯಲ್ಲಿ ಇರತದ. ಅಟಕ ಅಂದರೆ ಬಂಧನ, ಗುನ್ಹಾ ಅಂದರೆ ಅಪರಾಧ, ಇಷ್ಟು ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲದ ಅಜ್ಜಿಯರು ಅದಾರ, ಅವರ ಕೈಗೆ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಬಾರದು. 2025ರ ನವೆಂಬರಿನಲ್ಲಿ ಮಹಾರಾಷ್ಟ್ರದ್ದೇ ಒಂದು ಕೇಸಿನಲ್ಲಿ (ಮಿಹಿರ್ ರಾಜೇಶ್ ಶಾಹ್ ಕೇಸ್ ಅಂತ ಹೆಸರು) ಸುಪ್ರೀಂ ಕೋರ್ಟು ಹೇಳಿದ್ದು ಗಡಿಯಲ್ಲಿರುವ ನಮಗೆ ಬಾಳ ಮುಖ್ಯ: ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು.

"ಅರೆಸ್ಟ್ ಮಾಡಿಲ್ಲ, ಚೌಕಶಿಗೆ ಕರೆದೀವಿ" ಅಂದರೆ? ಆಗ ಪುಸ್ತಕದಲ್ಲಿ ಹೆಸರು ಇರುವುದಿಲ್ಲ, ಬೋರ್ಡಿನ ಮೇಲೂ ಇರುವುದಿಲ್ಲ. ಹೆದರಿಕೆ ಹೆಚ್ಚು ಇರುವುದು ಈ ಹೆಸರಿಲ್ಲದ ತಾಸುಗಳಲ್ಲಿಯೇ. ಏಳು ವರ್ಷದ ತನಕ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮಸುಮ್ಮನೆ ಹಿಡಿಯಬಾರದು, ನೋಟಿಸ್ ಕೊಟ್ಟು ಕರೆಯಬೇಕು ಅಂತ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಹಾಗಾದರೆ ನೋಟಿಸ್ ಎಲ್ಲಿ ಅಂತ ಕೇಳಬೇಕು. ಇನ್ನೊಂದು ಸಾಕ್ಷಿ ಗೋಡೆಯ ಮೇಲೆ ಇದೆ. 2020ರ ಡಿಸೆಂಬರ್ 2ರ ತೀರ್ಪಿನ ಪ್ರಕಾರ ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆಗಳಲ್ಲಿ ಸಿಸಿಟಿವಿ ಇರಬೇಕು, ರೆಕಾರ್ಡಿಂಗ್ 18 ತಿಂಗಳು ಉಳಿಯಬೇಕು, ಅಂಥ ಸಾಧನ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇರಬಾರದು. ಹುಡುಗ ಬಾಗಿಲು ದಾಟಿದ ತಾಸು ಡೈರಿಯಲ್ಲಿ ಇಲ್ಲದಿದ್ದರೂ ಕ್ಯಾಮೆರಾದಲ್ಲಿ ಇರತದ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಸಾಧಾರಣ ಅರ್ಜಿಗೆ 30 ದಿವಸ. ಒಬ್ಬನ ಜೀವ ಅಥವಾ ಸ್ವಾತಂತ್ರ್ಯದ ವಿಷಯ ಇದ್ದರೆ 48 ತಾಸಿನೊಳಗೆ ಮಾಹಿತಿ ಕೊಡಬೇಕು ಅಂತ 7ನೆಯ ಕಲಮಿನಲ್ಲಿ ಇದೆ. ಅರ್ಜಿಯ ಮೇಲೆ ಆ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಗಡಿಯ ತೊಡಕು ಬೇರೆನೇ ಇದೆ. ನಮ್ಮ ಬೀಗರು-ನೆಂಟರು ನಿಪ್ಪಾಣಿ, ಚಿಕ್ಕೋಡಿ, ಸಂಕೇಶ್ವರದಲ್ಲಿ ಅದಾರ. ಗಡಹಿಂಗ್ಲಜ ಕಡೆಯವರಿಗಂತೂ ಸಂಕೇಶ್ವರ ಸಂತೆಯ ದಾರಿ. ಅಲ್ಲಿಯ ಪೊಲೀಸರು ಬಂದು ಇಲ್ಲಿಯವನನ್ನು ಒಯ್ದರೆ ಕೋಲ್ಹಾಪುರದ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಕ್ಕಿಲ್ಲ. ಅಂಥಾ ಹೊತ್ತಿನಲ್ಲಿ ಕರ್ನಾಟಕ ಪೊಲೀಸರ ಕಡೆಯಲ್ಲಿಯೂ ನೋಡಬೇಕು. ವಾರಂಟ್ ಹಿಡಿದು ಬೇರೆ ಜಿಲ್ಲೆಯಲ್ಲಿ ಬಂಧಿಸಿದರೆ, ಬಂಧಿತನ ಸ್ವಂತ ಜಿಲ್ಲೆಯ ನೇಮಿತ ಅಧಿಕಾರಿಗೂ ಕೂಡಲೇ ತಿಳಿಸಬೇಕು ಅಂತ ಹೊಸ ಸಂಹಿತೆಯ 82ನೆಯ ಕಲಮು ಹೇಳುತ್ತದೆ. ಜೈಲೂ ಎರಡು ದಿಕ್ಕಿಗೆ. ಇತ್ತ ಕೋಲ್ಹಾಪುರದ ಕಳಂಬಾ ಸೆಂಟ್ರಲ್ ಜೈಲು ಮತ್ತು ಬಿಂದು ಚೌಕದ ಜೈಲು, ಅತ್ತ ಬೆಳಗಾವಿಯ ಹಿಂಡಲಗಾ.

ಕೋರ್ಟಿನ ಪುಸ್ತಕ ಎಲ್ಲಕ್ಕಿಂತ ಸುಲಭ. ಇ-ಕೋರ್ಟ್ಸ್ ಅನ್ನುವ ಸೈಟಿನಲ್ಲಿ, ಆ್ಯಪಿನಲ್ಲಿ ಠಾಣೆಯ ಹೆಸರು ಮತ್ತು ಎಫ್‌ಐಆರ್ ನಂಬರ್ ಹಾಕಿದರೆ ಕೇಸು ಬರುತ್ತದೆ. ಒಮ್ಮೆ 16 ಅಕ್ಷರದ ಸಿಎನ್‌ಆರ್ ನಂಬರ್ ಸಿಕ್ಕಿದರೆ ಮುಂದಿನ ತಾರೀಖು, ಆದೇಶ ಎಲ್ಲಾ ಅಲ್ಲೇ. ವಕೀಲರು ಮಾತಿನಲ್ಲಿ "ಪೀಸಿಆರ್ ಆಗ್ಯದ", "ಎಮ್‌ಸಿಆರ್ ಆಗ್ಯದ" ಅಂತಾರ. ಪೀಸಿಆರ್ ಅಂದರೆ ಪೊಲೀಸ್ ಕಸ್ಟಡಿ, ಹುಡುಗ ಇನ್ನೂ ಲಾಕಪ್ಪಿನಲ್ಲಿ ಇದ್ದಾನೆ. ಎಮ್‌ಸಿಆರ್ ಅಂದರೆ ಜೈಲಿಗೆ ಕಳಿಸಿದ್ದಾರೆ, ಇನ್ನು ಅವನನ್ನು ಕಾಣಲು ಇ-ಮುಲಾಕಾತ್‌ನಲ್ಲಿ ಹೆಸರು ಹಚ್ಚಬೇಕು.

ಬೇರೆ ದೇಶದಲ್ಲಿ ಹೇಗಿದೆ ಅಂತ ಕುತೂಹಲದಿಂದ ನೋಡಿದೆ. ಅಮೇರಿಕಾದಲ್ಲಿ ನಮ್ಮ ತಾಲೂಕಿನ ಹಾಗೆ ಕೌಂಟಿ ಅಂತ ಇರತಾವ. ಹಳ್ಳಿಗಾಡಿನ ಕೌಂಟಿಯಲ್ಲಿ ಶೆರಿಫ್ ಅನ್ನುವ ಚುನಾಯಿತ ಅಧಿಕಾರಿಯೇ ಜೈಲು ನಡೆಸುತ್ತಾನೆ. ಎಷ್ಟೋ ಕಡೆ ಇವತ್ತು ಯಾರನ್ನು ಒಳಗೆ ಹಾಕಿದರು, ಆರೋಪ ಏನು, ಜಾಮೀನು ಎಷ್ಟು, ಎಂದು ಬಿಟ್ಟರು ಎಲ್ಲವೂ ಫೋಟೋ ಸಮೇತ ವೆಬ್‌ಸೈಟಿನಲ್ಲಿ ಸಿಗುತ್ತದೆ. 1993ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಒಬ್ಬ ಯುವತಿಯನ್ನು ಅವಳ ಮಾಜಿ ಗೆಳೆಯ ಕೊಂದ. ಅವಳ ಮೇಲೆ ಅತ್ಯಾಚಾರ ಮಾಡಿದ ಆರೋಪದಲ್ಲಿ ಜೈಲಿನಲ್ಲಿದ್ದವನು ಜಾಮೀನಿನ ಮೇಲೆ ಹೊರಗೆ ಬಂದದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಆ ಮೇಲೆ ಅಲ್ಲಿ ವೈನ್ ಅನ್ನುವ ವ್ಯವಸ್ಥೆ ಬಂತು: ಕೈದಿ ಬಿಡುಗಡೆ ಆದ ಕೂಡಲೇ ಹೆಸರು ನೋಂದಾಯಿಸಿದವರಿಗೆ ಫೋನ್ ಹೋಗುತ್ತದೆ. ಇದು ಒಳ್ಳೆಯದೇ. ಆದರೆ ಅದೇ ಫೋಟೋಗಳನ್ನು ಎತ್ತಿಕೊಂಡು ಖಾಸಗಿ ಸೈಟುಗಳು, ತೆಗೆಯಬೇಕಾದರೆ ರೊಕ್ಕ ಕೊಡು ಅಂತ ಧಂಧೆ ಶುರು ಮಾಡಿದವು. ಕೇಸು ಬಿದ್ದುಹೋದವರ ಮುಖವೂ ಅಲ್ಲೇ ಉಳಿಯಿತು. ಕೆಲವು ರಾಜ್ಯಗಳು ಅದರ ವಿರುದ್ಧ ಕಾಯ್ದೆ ಮಾಡಬೇಕಾಯಿತು.

ನನ್ನ ಮತ ಕೇಳಿದರೆ, ನಮಗೆ ಬೋರ್ಡ್ ಬೇಕು, ಫೋಟೋ ಬೇಡ. ಹೆಸರು ಹಾಕುವುದು ಮನೆಯವರು ಹುಡುಕಿಕೊಂಡು ಬರಲಿ ಅಂತ. ಒಬ್ಬ ಹುಡುಗನ ಲಾಕಪ್ ಫೋಟೋ ಗಲ್ಲಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಮ್ಮೆ ತಿರುಗಿದರೆ ಅವನ ನೌಕರಿಯೂ ಹೋಯಿತು, ತಂಗಿಯ ಲಗ್ನದ ಮಾತೂ ಮುರಿಯಿತು. ಕೇಸು ಖುಲಾಸೆ ಆದದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸಂಘದ ಗೆಳೆಯರು ಇದನ್ನು ನೆನಪಿಡಬೇಕು.

ಹಳೇ ಹಜೇರಿ ಪುಸ್ತಕ ಪೂರ್ತಿ ಹೋಗಿಲ್ಲ ಅನ್ನುವುದಕ್ಕೆ ಎರಡು ಸಾಕ್ಷಿ ಇವೆ, ಎರಡೂ 2024ರವು. ಮೇ ತಿಂಗಳಲ್ಲಿ ಹಿಸ್ಟರಿ ಶೀಟ್ ವಿಷಯದ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಹಿಂದುಳಿದ, ಪರಿಶಿಷ್ಟ ಜಾತಿ-ಪಂಗಡದ ಅಮಾಯಕರ ಹೆಸರನ್ನು ಬರೇ ಅವರ ಹುಟ್ಟಿನ ಕಾರಣಕ್ಕೆ ಯಾಂತ್ರಿಕವಾಗಿ ಅದರಲ್ಲಿ ಏರಿಸಬಾರದು ಅಂತ ರಾಜ್ಯಗಳಿಗೆ ಹೇಳಿತು. ಹಿಸ್ಟರಿ ಶೀಟ್ ಪೊಲೀಸರ ಒಳಗಿನ ಕಾಗದ, ಸಾರ್ವಜನಿಕರಿಗೆ ತೋರಿಸುವುದಲ್ಲ. ಆಮೇಲೆ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಅರ್ಜಿಯ ಮೇಲೆ ದೊಡ್ಡ ತೀರ್ಪು ಬಂತು. ಜೈಲಿನೊಳಗೆ ಜಾತಿ ನೋಡಿ ಕಸ ಗುಡಿಸುವ ಕೆಲಸ, ಅಡಿಗೆ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ಕೈದಿಗಳ ರಜಿಸ್ಟರಿನಲ್ಲಿದ್ದ ಜಾತಿಯ ಕಾಲಮನ್ನು ತೆಗೆದುಹಾಕಲು ಆದೇಶ ಕೊಟ್ಟಿತು. 1918ರಲ್ಲಿ ಕೋಲ್ಹಾಪುರದಲ್ಲಿ ಆದ ಕೆಲಸದ ಒಂದು ತುಂಡು ದೇಶದ ಜೈಲುಗಳಲ್ಲಿ 106 ವರ್ಷ ಬಾಕಿ ಉಳಿದಿತ್ತು ಅಂತ ಲೆಕ್ಕ ಹಾಕಬಹುದು.

ಅಂಕಿಯನ್ನೂ ಒಮ್ಮೆ ನೋಡೋಣ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿಗೆ ಇನ್ನೂ ವಿಚಾರಣೆಯೇ ಮುಗಿದಿಲ್ಲ. ಜನಸಂಖ್ಯೆಯಲ್ಲಿ ನಮ್ಮ ಪರಿಶಿಷ್ಟ ಜಾತಿಯವರು ನೂರಕ್ಕೆ 16.6, ಜೈಲಿನಲ್ಲಿ ನೂರಕ್ಕೆ 20 ದಾಟುತ್ತದೆ.

ಅದಕ್ಕೇ ಹಿಡಿದ ಪುಸ್ತಕದಷ್ಟೇ ಬಿಟ್ಟ ಪುಸ್ತಕವನ್ನೂ ಓದಬೇಕು. ಜಾಮೀನು ಸಿಕ್ಕಿದ ಮೇಲೂ ಜಾಮೀನುದಾರ ಇಲ್ಲದೆ, ಕಾಗದ ಮುಟ್ಟದೆ ಒಳಗೇ ಉಳಿಯುವವರು ಬಹಳ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಹೀಗೆ ಹೇಳಿದೆ. ಜಾಮೀನು ಆದೇಶವನ್ನು ಕೋರ್ಟು ಆ ದಿನ ಅಥವಾ ಮರುದಿನ ಇ-ಮೇಲಿನಲ್ಲಿ ಜೈಲಿಗೆ ಕಳಿಸಬೇಕು. ಜೈಲಿನವರು ಆ ತಾರೀಖನ್ನು ಕಂಪ್ಯೂಟರಿನಲ್ಲಿ ಏರಿಸಬೇಕು. ಏಳು ದಿವಸದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲು ಆಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟೇ ವಿಚಾರ ಮಾಡಬಹುದು. ಜಾಮೀನೇ ಆಗದವರಿಗೆ ಹೊಸ ಸಂಹಿತೆಯ 479ನೆಯ ಕಲಮು ಇದೆ. ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗೆ ಕಳೆದವರನ್ನು, ಮೊದಲ ಸಲ ಸಿಕ್ಕವರಾದರೆ ಮೂರರಲ್ಲಿ ಒಂದು ಭಾಗ ಕಳೆದವರನ್ನು ಬಿಡುವುದಕ್ಕೆ ಜೈಲು ಅಧೀಕ್ಷಕರು ತಾವಾಗಿ ಕೋರ್ಟಿಗೆ ಬರೆಯಬೇಕು. ಮರಣದಂಡನೆ, ಜನ್ಮಠೇಪಿನ ಆರೋಪ ಇದ್ದವರಿಗೆ, ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೆ ಇದು ಸಿಗುವುದಿಲ್ಲ. ಹುಸೈನಾರಾ ಕೇಸಿನಲ್ಲಿ ಇದ್ದಂತೆ ಇಲ್ಲಿಯೂ ಲೆಕ್ಕ ಶುರುವಾಗುವುದು ಒಳಗೆ ಹೋದ ತಾರೀಖಿನಿಂದ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವ ಯಾರಿಗೇ ಆಗಲಿ, ಉತ್ಪನ್ನ ನೋಡದೆ ಪುಕ್ಕಟೆ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಹಚ್ಚಿದರೆ ದಾರಿ ಹೇಳುತ್ತಾರೆ.

ಬಿಡುಗಡೆಯ ಸುದ್ದಿ ನಮಗೆ ಇನ್ನೊಂದು ಕಾರಣಕ್ಕೂ ಬೇಕು. ದೌರ್ಜನ್ಯದ ಕೇಸಿನಲ್ಲಿ ಫಿರ್ಯಾದಿ ನಮ್ಮ ಮನೆಯವರಾಗಿದ್ದಾಗ, ಆರೋಪಿ ಜಾಮೀನಿನ ಮೇಲೆ ಬಂದು ಅದೇ ಊರ ಕಟ್ಟೆಯ ಮೇಲೆ ಕುಳಿತದ್ದು ಕಣ್ಣಿಗೆ ಬಿದ್ದ ಮೇಲೆಯೇ ತಿಳಿಯುವುದು ಅಂದರೆ ಎಷ್ಟು ಹೆದರಿಕೆ! 2016ರ ಜನವರಿ 26ರಿಂದ ಅಟ್ರಾಸಿಟಿ ಕಾಯ್ದೆಗೆ 15ಎ ಕಲಮು ಸೇರಿದೆ. (ನಂಬರ್ ನೋಡಿ, ಬಾಬಾಸಾಹೇಬರು ಅಂದು ಮಂಡಿಸಿದ ಕಲಮಿನದೇ ನಂಬರ್.) ಜಾಮೀನಿನ ವಿಚಾರಣೆ ಸೇರಿದಂತೆ ಕೋರ್ಟಿನ ಪ್ರತಿ ನಡೆಯ ಸುದ್ದಿ ಸಂತ್ರಸ್ತರಿಗೆ ವೇಳೆಗೆ ಸರಿಯಾಗಿ ತಿಳಿಯಬೇಕು, ಜಾಮೀನು, ಬಿಡುಗಡೆ, ಪೆರೋಲ್ ವಿಷಯದಲ್ಲಿ ಅವರ ಮಾತನ್ನು ಕೇಳಬೇಕು. 2021ರ ಅಕ್ಟೋಬರ್ 29ರಂದು ಹರಿರಾಮ್ ಭಾಂಭಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ಸಂತ್ರಸ್ತರ ಕಡೆಯವರಿಗೆ ನೋಟಿಸ್ ಕೊಡದೆ ಆಗಿದ್ದ ಜಾಮೀನನ್ನೇ ರದ್ದು ಮಾಡಿತು. ಫಿರ್ಯಾದು ಕೊಟ್ಟ ದಿನವೇ ವಿಶೇಷ ಸರಕಾರಿ ವಕೀಲರಿಗೆ ಒಂದು ಅರ್ಜಿ, ತನಿಖಾ ಅಧಿಕಾರಿಗೆ ಒಂದು ಅರ್ಜಿ, 15ಎ ಪ್ರಕಾರ ನಮಗೆ ಪ್ರತಿ ಸುದ್ದಿ ತಿಳಿಸಬೇಕು ಅಂತ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ-ಸಿಕ್ಕಾ ಹಾಕಿಸಿಕೊಳ್ಳಿ. ಎರಡರ ಮೇಲೂ ಠಾಣೆಯ ಹೆಸರು, ಎಫ್‌ಐಆರ್ ನಂಬರ್, ವರ್ಷ ಬರೆಯುವುದು ಮರೀಬ್ಯಾಡ್ರಿ. ಠಾಣೆ, ಕೋರ್ಟು, ಜೈಲು, ಮೂರೂ ಕಡೆ ಹುಡುಕುವುದಕ್ಕೆ ಬೇಕಾಗುವುದು ಅದೇ ನಂಬರ್.